ಕೆಂಪಿಯ ಕೊಂಬು

ಮಾವನ ರಿಪೇರಿ ಅಂಗಡಿಯಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದವಳೇ ನಾನು ಕಿರುಚಿದ ರಭಸಕ್ಕೆ ಪಕ್ಕದ ಟೈಲರ್ ಅಂಗಡಿಯ ಮೆಷಿನ್ನು ಗಕ್ಕನೆ ನಿಂತಿತು.

"ಮಾವಾ! ಏನು ಮಾಡಿದ್ದೀಯ ಇದಕ್ಕೆ? ಕೆಂಪಿ ಕೊಂಬೆಲ್ಲಿ?"

ಕೆಂಪಿ ಅಂದರೆ ನನ್ನ ಎಲೆಕ್ಟ್ರಿಕ್ ಗಿಟಾರು. ಬಣ್ಣ ಕಡುಕೆಂಪು, ಅದಕ್ಕೇ ಆ ಹೆಸರು. ನನ್ನ ಮದುವೆಗಿಂತ ಹಳೆಯ ಸಂಬಂಧ ಅದು. ಕತ್ತಿನ ಎರಡೂ ಪಕ್ಕಕ್ಕೆ ಅದರ ಮೈಯಿಂದ ಎರಡು ಕೊಂಬು ಎದ್ದಿರುತ್ತವೆ, ಮೇಲಿನದು ಉದ್ದ, ಕೆಳಗಿನದು ಗಿಡ್ಡ. ಆ ಉದ್ದ ಕೊಂಬನ್ನೇ ಯಾರೋ ಗರಗಸದಲ್ಲಿ ಕೊಯ್ದು, ನುಣ್ಣಗೆ ಉಜ್ಜಿ, ಮೇಲೆ ಅದೇ ಕೆಂಪು ಬಳಿದಿದ್ದರು. ಯಾರೋ ಏನು ಬಂತು, ನನ್ನ ಸ್ವಂತ ಸೋದರಮಾವ! ಆಂಪ್ಲಿಫೈಯರು, ಮೈಕು, ಗಿಟಾರು ರಿಪೇರಿ ಮಾಡುವುದೇ ಅವನ ಕಸುಬು. ಬ್ಯಾಂಡಿನವರಿಗೆಲ್ಲ ಅವನು ತಂತಿ ಮಾವ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಸಲ ತಂತಿ ಮೀಟಿಸಿದವನೂ ಅವನೇ. ಇಂಥ ಕೆಲಸ ಮಾಡುತ್ತಾನೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ನಾನು ಹೇಳಿದ್ದಾದರೂ ಏನು? ತಂತಿಯ ಸದ್ದು ಹಿಡಿಯುವ ಪಿಕಪ್ಪುಗಳು ಹಳೆಯವಾಗಿ ಗೊರಗೊರ ಅನ್ನುತ್ತಿವೆ, ಬೇರೆ ಹಾಕು. ವಾಲ್ಯೂಮಿನ ತಿರುಪು ನುಡಿಸುವಾಗ ಕೈಗೆ ತಗಲುತ್ತೆ, ಒಂಚೂರು ಸರಿಸು. ನನ್ನ ಕೈ ವಾಸಿಯಾಗುವಷ್ಟರಲ್ಲಿ ಅದೂ ತಯಾರಾಗಿರಲಿ. ಇಷ್ಟೇ ನಾನು ಹೇಳಿದ್ದು.

ಕೈಯ ವಿಷಯ ಹೇಳಬೇಕು. ಹಗಲು ನಾನು ಗಾಜಿನ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕಿಟಕಿ, ಬೀರು, ಕನ್ನಡಿಗೆ ಅಳತೆ ಹಿಡಿದು ಗಾಜು ಕೊಯ್ಯುವುದು. ರಜಾದಿನ ಬಂದರೆ ಬ್ಯಾಂಡು. ಒಂದು ದಿನ ದೊಡ್ಡ ಗಾಜೊಂದು ಜಾರಿತು. ಬೀಳಲಿ ಅಂತ ಬಿಡಬೇಕಿತ್ತು, ಹಾಳಾದವಳು ಹಿಡಿಯಲು ಹೋದೆ. ಎಡಗೈ ಮಣಿಕಟ್ಟಿನ ಹತ್ತಿರ ಸೀಳಿಹೋಯಿತು. ಡಾಕ್ಟರು ನರ ಕೂಡಿಸಿ ಹೊಲಿದರು. ಹೊಲಿಗೆಯೇನೋ ಮಾಯಿತು, ಉಂಗುರದ ಬೆರಳು ಮತ್ತು ಕಿರುಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಗಿಟಾರಿನಲ್ಲಿ ತಂತಿ ಒತ್ತುವುದು ಎಡಗೈ. ನಾನು ನುಡಿಸುವ ರೀತಿಗೆ ಅದರ ನಾಲ್ಕು ಬೆರಳೂ ಬೇಕು.

ಬೆರಳು ಬರುತ್ತವೆ ಅಂತ ನಾನು ಗಟ್ಟಿಯಾಗಿ ನಂಬಿದ್ದೆ. ನಮ್ಮನೆಯವರು ದಿನಾ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ನನ್ನ ಕೈ ಹಿಡಿದುಕೊಂಡು ಕೂರುತ್ತಿದ್ದರು. ಆ ಎರಡು ಬೆರಳನ್ನು ಮಡಿಸಿ, ಬಿಡಿಸಿ, "ನಿನ್ನೆಗಿಂತ ಇವತ್ತು ವಾಸಿ ಕಣೇ, ಅಲ್ಲಾಡ್ತು ನೋಡು" ಅನ್ನುತ್ತಿದ್ದರು. ನನಗೂ ಹಾಗೇ ಅನಿಸುತ್ತಿತ್ತು. ಅದೇ ಧೈರ್ಯದಲ್ಲಿ ನಮ್ಮ ಬ್ಯಾಂಡು ನಡೆಸುವ ಡ್ರಮ್ಮಣ್ಣನಿಗೆ, "ಇನ್ನೇನು ಬಂದುಬಿಡ್ತೀನಿ, ನನ್ನ ಜಾಗಕ್ಕೆ ಯಾರನ್ನಾದ್ರೂ ಸೇರಿಸ್ಕೊಂಡ್ರೆ ನೋಡು ಮತ್ತೆ" ಅಂತ ಹೆದರಿಸಿಯೂ ಇದ್ದೆ.

ಈಗ ಕೆಂಪಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ನೋಡಿದೆ. ಕೊಂಬೊಂದೇ ಅಲ್ಲ. ದಪ್ಪ ತಂತಿ ಇರಬೇಕಾದ ಕಡೆ ಸಣ್ಣದು, ಸಣ್ಣದಿರಬೇಕಾದ ಕಡೆ ದಪ್ಪ. ತಿರುಪುಗಳೆಲ್ಲ ಆಚೆ ಪಕ್ಕ. ಹೆಗಲಪಟ್ಟಿ ಸಿಕ್ಕಿಸುವ ಗುಂಡಿಯೂ ಉಳಿದ ಇನ್ನೊಂದು ಕೊಂಬಿಗೆ ಹೋಗಿದೆ. ಇದು ಎಡಚರು ನುಡಿಸುವ ಗಿಟಾರು.

"ಕೂಗಾಡಬೇಡ್ವೇ," ಅಂದ ಮಾವ. ಅವನ ಮುಖದಲ್ಲಿ ಒಂದಿಷ್ಟು ಹೆಮ್ಮೆ ಬೇರೆ. "ತಿರುಗಿಸಿ ಹಿಡಿದಾಗ ಆ ಕೊಂಬು ಕೆಳಗೆ ಬರತ್ತೆ, ಕೈ ಕತ್ತಿನ ಬುಡದ ಮನೆಗಳ ತನಕ ಹೋಗಲ್ಲ. ಅದಕ್ಕೇ ತೆಗೆದೆ. ಎಲ್ಲಿ ಕತ್ತರಿಸಿದ್ದು ಅಂತ ಹುಡುಕಿದ್ರೂ ಗೊತ್ತಾಗಲ್ಲ, ನೋಡು."

"ಯಾರಪ್ಪ ಎಡಚರು ಇಲ್ಲಿ? ನಿನ್ನ ತಲೆ ನೆಟ್ಟಗಿದೆಯಾ? ಪಿಕಪ್ ಹಾಕು ಅಂದ್ರೆ ಕುತ್ತಿಗೆ ಕುಯ್ದಿದ್ದೀಯಲ್ಲ!"

"ಮತ್ತೆ... ಇನ್ಮೇಲೆ ಬಲಗೈಯಲ್ಲಿ ತಾನೇ ನೀನು ಒತ್ತಬೇಕು? ಮೀಟೋದಕ್ಕೆ ಎಡಗೈಯ ಹೆಬ್ಬೆರಳು, ತೋರುಬೆರಳು ಸಾಕು. ನಾನೇ ಕೂತು ಯೋಚನೆ ಮಾಡಿದ್ದು ಕಣೇ. ನಿಂಗೆ ಖುಷಿಯಾಗತ್ತೆ ಅಂತ..."

"ಬಲಗೈಯಲ್ಲಿ ಯಾಕೆ ಒತ್ತಬೇಕು? ಎಡಗೈಗೆ ಏನಾಗಿದೆ?"

ಮಾವನ ಕಣ್ಣು ನನ್ನ ಹೆಗಲ ಮೇಲಿಂದ ಬಾಗಿಲಿನ ಕಡೆ ಹೋಯಿತು. ಗಾಡಿ ನಿಲ್ಲಿಸಿ ಬಂದ ನಮ್ಮನೆಯವರು ಹೆಲ್ಮೆಟ್ ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದರು.

"ಅಳಿಯಂದ್ರೇ," ಅಂದ ಮಾವ ಮೆಲ್ಲಗೆ, "ಇನ್ನೂ ಹೇಳಿಲ್ವಾ?"

ಇವರು ನೆಲ ನೋಡಿದರು.

ಮಾವನೇ ಹೇಳಿದ. ತಂತಿ ಹಾಕುವ ಮುಂಚೆ, ನನ್ನ ಬೆರಳಿಗೆ ಎಷ್ಟು ಶಕ್ತಿ ಬಂದಿದೆ, ತೆಳ್ಳನೆಯ ತಂತಿ ಹಾಕಲೋ ಹೇಗೆ ಅಂತ ಕೇಳಲು ಇವರಿಗೆ ಫೋನ್ ಮಾಡಿದ್ದನಂತೆ. ಆಗ ಇವರು ಡಾಕ್ಟರು ತಮ್ಮೊಬ್ಬರಿಗೇ ಹೇಳಿದ್ದನ್ನು ಹೇಳಿಬಿಟ್ಟರಂತೆ. "ಅವಳಿಗೆ ನಾನೇ ಹೇಳ್ತೀನಿ ಮಾವ" ಅಂತಲೂ ಅಂದರಂತೆ. ಸರಿ, ಹೇಳಿರುತ್ತಾರೆ ಅಂತ ಇವನು ಗರಗಸ ಎತ್ತಿಕೊಂಡಿದ್ದಾನೆ. ಡಾಕ್ಟರು ಹೇಳಿದ್ದೇನು ಅಂತ ಮಾವನೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ತೊಡೆಯ ಮೇಲಿದ್ದ ಗಿಟಾರನ್ನು ನೋಡಿದರೆ ಯಾವ ದಡ್ಡಿಗೂ ಗೊತ್ತಾಗುತ್ತಿತ್ತು.

"ಮತ್ತೆ ದಿನಾ ಬೆಳಿಗ್ಗೆ ಅಲ್ಲಾಡ್ತಾ ಇದ್ದದ್ದೇನು ರೀ?"

"ನಾನೇ ಅಲ್ಲಾಡಿಸ್ತಿದ್ದೆ," ಅಂದರು ಇವರು.

ದೇವರೇ! ನಾನು ಹಲ್ಲು ಕಚ್ಚಿಕೊಂಡು ಕಿರುಬೆರಳಿಗೆ ಮಡಚಿಕೋ ಅಂದೆ. ಮಾವನ ಮುಂದೆ, ಇವರ ಮುಂದೆ, ಆ ಟ್ಯೂಬ್‌ಲೈಟಿನ ಬೆಳಕಿನಲ್ಲಿ. ಬೆವರು ಬಂತು, ಬೆರಳು ಬರಲಿಲ್ಲ. ಇಷ್ಟು ದಿನ ಇವರು ಮುಟ್ಟದೆ ಇದ್ದಾಗ ಒಮ್ಮೆಯಾದರೂ ಅದು ಅಲ್ಲಾಡಿತ್ತಾ ಅಂತ ನೆನಪು ಮಾಡಿಕೊಂಡೆ. ಇಲ್ಲ. ನೋಡಲು ಹೋಗಿರಲಿಲ್ಲ ಅಷ್ಟೇ.

"ಮೊದಲಿನ ಹಾಗೆ ಮಾಡಿಕೊಡು," ಅಂದೆ ಮಾವನಿಗೆ. "ಈಗಲೇ."

"ತಂತಿ ತಿರುಗಿಸಬಹುದು, ತಿರುಪು ಸರಿಸಬಹುದು. ಕೊಂಬು ಎಲ್ಲಿಂದ ತರಲೇ?" ಮಾವನ ಕಣ್ಣಲ್ಲಿ ನೀರು ತುಂಬಿತ್ತು. "ತಪ್ಪಾಯ್ತು. ನಿನ್ನನ್ನೇ ಕೇಳಬೇಕಿತ್ತು."

ಎಲ್ಲರೂ ಪಾಪದವರೇ, ಯಾರನ್ನಂತ ಬೈಯಲಿ? ಆದರೂ ಬೈದೆ. ಇಬ್ಬರಿಗೂ ಮುಖಮೂತಿ ನೋಡದೆ ಬೈದೆ. ನನ್ನ ಕೈ ಹೋದದ್ದು ನನಗೊಬ್ಬಳಿಗೇ ಗೊತ್ತಿಲ್ಲದ ಹಾಗೆ ನನ್ನ ಮನೆಯಲ್ಲೇ ನನ್ನನ್ನು ಮಂಗ ಮಾಡಿದಿರಲ್ಲ ಅಂದೆ. ಇವರು ಹೆಲ್ಮೆಟ್ಟಿನ ಪಟ್ಟಿಯನ್ನು ಹಿಂಡುತ್ತಾ ಎಲ್ಲ ಕೇಳಿಸಿಕೊಂಡರು. ಬೈದು ಬೈದು ನನಗೇ ಗಂಟಲು ಒಣಗಿತು.

"ಡ್ರಮ್ಮಣ್ಣಂಗೆ ಫೋನ್ ಮಾಡಿ," ಅಂದೆ. "ಪಾಪ, ನನ್ನನ್ನ ನಂಬಿ ಕಾಯ್ತಾ ಇದ್ದಾನೆ. ಮುಚ್ಚಿಟ್ಟವರು ನೀವೇ ತಾನೇ, ಬಾಯಿಬಿಟ್ಟು ನೀವೇ ಹೇಳಿ. ಇಲ್ಲೇ, ನನ್ನ ಎದುರಿಗೇ. ಸ್ಪೀಕರ್ ಹಾಕಿ."

ಇವರು ಎರಡು ಸಲ ತಪ್ಪು ನಂಬರ್ ಒತ್ತಿದರು. ಅದನ್ನು ನೋಡಲಾಗದೆ ನಾನು ಮುಖ ತಿರುಗಿಸಿ ಕೆಂಪಿಯನ್ನು ಹಿಡಿದುಕೊಂಡೆ, ಅದು ಕೂರಬೇಕಾದ ಉಲ್ಟಾ ದಿಕ್ಕಿಗೇ. ಬಲಗೈ ಕತ್ತಿನ ಮೇಲೆ ಎಲ್ಲಿ ಹೋಗಬೇಕೋ ತಿಳಿಯದೆ ತಡಕಾಡಿತು. ಒಂದು ತಂತಿ ಒತ್ತಿದೆ. ಅಮ್ಮಾ! ಮೆತ್ತನೆಯ ಬೆರಳಿನ ತುದಿಗೆ ಚುರುಕ್ ಅಂತ ಹತ್ತಿತು. ಎಡಗೈಯಲ್ಲಿ ಮೀಟಿದರೆ ಡಬ್ಬ ಬಡಿದಂಥ ಸದ್ದು.

"ಹಲೋ," ಅಂದ ಡ್ರಮ್ಮಣ್ಣ. "ಏನಂತಾಳೆ ನಮ್ಮ ಮಹಾರಾಣಿ? ಯಾವಾಗ ಬರ್ತಾಳಂತೆ?"

"ಅವಳು..." ಅಂದರು ಇವರು. "ಅವಳ ಆ ಎರಡು ಬೆರಳು ಇನ್ನು ಬರಲ್ಲ ಅಣ್ಣ. ಡಾಕ್ಟ್ರು ಹೇಳಿದ್ದಾರೆ. ಬರೋದೇ ಇಲ್ವಂತೆ."

ಹೇಳುತ್ತಾ ಹೇಳುತ್ತಾ ಗಳಗಳ ಅತ್ತುಬಿಟ್ಟರು. ಮದುವೆಯಾದಾಗಿನಿಂದ ಇವರು ಅತ್ತಿದ್ದನ್ನು ನಾನು ನೋಡಿರಲಿಲ್ಲ. ನಾನು ಅಳಲಿಲ್ಲ, ಅಳು ಬಂದರೆ ತಂತಿ ಕಾಣಿಸುವುದಿಲ್ಲ ಅಂತ ತಡೆದುಕೊಂಡು ಮತ್ತೆ ಒತ್ತಿದೆ, ಮತ್ತೆ ಮೀಟಿದೆ. ಮತ್ತೆ ಡಬ್ಬ.

ಆ ಕಡೆ ಡ್ರಮ್ಮಣ್ಣ, ಏನಾದರೂ ಕೇಳಬೇಕಲ್ಲ ಅಂತಲೋ ಏನೋ, "ಅದೇನದು ಹಿಂದೆ ಸದ್ದು? ಮಾವನ ಹತ್ರ ಯಾರೋ ಹೊಸದಾಗಿ ಕಲಿಯೋಕೆ ಸೇರಿದ್ದಾರಾ?" ಅಂದ.

ಇವರು ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದರು, ಏನು ಹೇಳಲಿ ಅನ್ನುವ ಹಾಗೆ.

"ಹೂಂ ಅನ್ನಿ," ಅಂದೆ.