ಹೆಗಲು ಮುಟ್ಟಿ ಕರೆಯಿರಿ

ನನ್ನ ಮೊಮ್ಮಗಳು ಪೂನಮ್‌ಗೆ ಕಿವಿ ಕೇಳುವುದಿಲ್ಲ ಎಂದು ಬರೆದ ಕಾಗದಕ್ಕೆ ನಾನು ಸಹಿ ಹಾಕಬೇಕಿತ್ತು. ಹಾಕಿದರೆ ಜೂನ್‌ನಿಂದ ಅವಳು ಬನಹಟ್ಟಿ ಬಿಟ್ಟು, ಕಿವಿ ಕೇಳದ ಮಕ್ಕಳ ವಸತಿ ಶಾಲೆಗೆ ಬಾಗಲಕೋಟೆಗೆ ಹೋಗಬೇಕು. ಎಂಟು ವರ್ಷದ ಹುಡುಗಿ. ಅವಳ ತಾಯಿ ಇಲ್ಲ. ನನ್ನ ಮಗ ಮಲಕಾಜಪ್ಪ ಮಗ್ಗ ಬಿಟ್ಟು ಏಳುವುದಿಲ್ಲ. ಶಾಲೆಗೆ ಹೋಗಿಬರುವವಳು ನಾನೇ.

ಮಕ್ಕಳ ಕಲಿಕೆಗೆ ನೆರವಾಗಲೆಂದು ಶಾಲೆಯವರು ಹೊರಗಿನ ಸಂಸ್ಥೆಯೊಂದನ್ನು ಕರೆಸಿದ್ದರು. ಅಲ್ಲಿಂದ ಬಂದ ಗೌರೀಶ ಒಬ್ಬೊಬ್ಬ ಮಗುವಿನ ಬೆನ್ನ ಹಿಂದೆ ನಿಂತು ಹೆಸರು ಕರೆದಿದ್ದರು.

"ಮೂರು ಸಲ ಕರದೆನ್ರಿ ಅಜ್ಜಿ. ತಿರುಗಿ ನೋಡಲಿಲ್ಲ," ಎಂದರು.

"ಭಾಳ ಒದರಿ ಮಾತಾಡತಾಳ್ರಿ," ಎಂದಳು ಟೀಚರ್ ಸರಿತಾ. "ಪಾಠ ಮಾಡುವಾಗ ಬರೇ ನನ್ನ ಬಾಯಿ ನೋಡತಾಳ."

"ಕಿವೀಗೆ ಮಷಿನ್ ಹಚ್ಚಿ ನೋಡೀರೇನ್ರಿ?" ಎಂದೆ.

"ಅದು ಆಮ್ಯಾಲ್ರಿ. ಮದಲ ಆ ಸಾಲ್ಯಾಗ ಸೀಟ್ ಹಿಡೀಬೇಕು," ಎಂದರು ಗೌರೀಶ.

ನಾನು ಕಾಗದದ ಮೇಲೆ ಬೆರಳಿಟ್ಟು ಓದತೊಡಗಿದೆ. ಗೌರೀಶ ಎರಡು ಸಲ ಗಡಿಯಾರ ನೋಡಿದರು. ನೋಡಲಿ. ಐವತ್ತರ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ, ಅವಸರ ಮಾಡಿದರೆ ಓಡುವುದಿಲ್ಲ. ಕೊನೆಯಲ್ಲಿ ಕಿವಿ ಕೇಳದವರೆಂದು ಆರು ಮಕ್ಕಳ ಹೆಸರಿದ್ದವು. ಪೂನಮ್ ಸೇರಿ ಐದು ನಮ್ಮ ಓಣಿಯವು, ಎಲ್ಲ ಮಗ್ಗದ ಮನೆಯವು.

"ರವಿವಾರ ಹತ್ತಕ್ಕ ನಮ್ಮ ಮನಿಗೆ ಬಂದು ಆಕಿನ್ನ ಕರೀರಿ," ಎಂದೆ. "ಅಲ್ಲೀತನಾ ಸಹಿ ಸಿಗಂಗಿಲ್ಲ."

ಮನೆಯಲ್ಲಿ ಮಗ ಸಿಡುಕಿದ. "ಸಾಲಿಯವರ ಕೂಡ ಯಾಕ ಜಗಳಾ ಬೇ? ಕಲತವ್ರು ಸುಳ್ಳ ಹೇಳತಾರೇನ?"

"ಸುಳ್ಳ ಅಲ್ಲೋ. ತಪ್ಪ ಹೇಳ್ಯಾರ."

ರವಿವಾರ ಗೌರೀಶ, ಸರಿತಾ ಇಬ್ಬರೂ ಬಂದರು. ಮನೆಯ ನಾಲ್ಕೂ ಪಾವರ್‌ಲೂಮ್ ಮಗ್ಗ ಓಡುತ್ತಿದ್ದವು. ಗೌರೀಶ ಬಾಗಿಲಲ್ಲಿ ನಿಂತು ಏನೋ ಅಂದರು. ಬಾಯಿ ಅಲ್ಲಾಡಿದ್ದಷ್ಟೇ ಕಂಡಿತು. ಆಚೆ ಗೋಡೆಗೆ ಒರಗಿ ಬರೆಯುತ್ತಿದ್ದ ಪೂನಮ್ ತಲೆ ಎತ್ತಿದಳು. ಬಿಸ್ಕೀಟು ಬೇಕೇನು ಎಂದು ಸದ್ದಿಲ್ಲದೆ ತುಟಿಯಲ್ಲೇ ಕೇಳಿದೆ. ಅವಳು ಎರಡು ಬೆರಳು ತೋರಿಸಿದಳು.

ಗೌರೀಶ ನನ್ನ ಕಿವಿಯ ಹತ್ತಿರ ಬಂದು ಕೂಗಿದರು: "ಏನ್ ಕೇಳಿದ್ರಿ ಆಕೀಗೆ?"

"ಯಾಕ್ರಿ ಸರ, ನಿಮಗ ಕೇಳಲಿಲ್ಲೇನು?"

ಮಗನಿಗೆ ಕೈ ಮಾಡಿ ಮಗ್ಗ ನಿಲ್ಲಿಸೆಂದೆ. ಅವನು ಮುಖ ಗಂಟು ಹಾಕಿಕೊಂಡೇ ಸ್ವಿಚ್ ಆರಿಸಿದ. ಪೂನಮ್ ಮತ್ತೆ ಗೋಡೆಯ ಕಡೆ ತಿರುಗಿ ಬರೆಯತೊಡಗಿದ್ದಳು. ಗೌರೀಶ ಅವಳ ಹಿಂದೆ ದೂರ ನಿಂತು ಪಿಸುಗುಟ್ಟಿದರು: "ಪೂನಮ್, ನಿನ್ನ ಪೆನ್ಸಿಲ್ ಬಿದ್ದೈತಿ."

"ಇಲ್ರಿ, ಕೈಯಾಗ ಐತಿ," ಎಂದಳು ಪೂನಮ್. ಕತ್ತು ತಿರುಗಿಸಲಿಲ್ಲ.

"ಮತ್ತ ಅವತ್ತ ಕರದಾಗ ಯಾಕ ತಿರುಗಲಿಲ್ಲ?"

"ನೀವು ಹೆಗಲ ಮುಟ್ಟಲಿಲ್ಲಲ್ರಿ."

ಸರಿತಾ ಫಕ್ಕನೆ ನಕ್ಕು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಈ ಮನ್ಯಾಗ ಹಿಂದಿನಿಂದ ಒದರಿದ್ರ ಯಾರಿಗಿ ಕೇಳತೈತ್ರಿ?" ಎಂದೆ. "ಬೇಕಾದವರು ಬಂದು ಮುಟ್ಟತಾರ. ಆಕಿ ಹುಟ್ಟಿದಾಗಿಂದ ಕಲತದ್ದ ಅಷ್ಟ."

"ಆದ್ರೂ ಮಷಿನ್ ಪರೀಕ್ಷೆ ಆಗಬೇಕ್ರಿ ಅಜ್ಜಿ," ಎಂದರು ಗೌರೀಶ.

"ಆಗಲೇಳ್ರಿ. ಜಮಖಂಡಿ ದವಾಖಾನಿಗೆ ನಾನ ಕರಕೊಂಡ ಹೋಗತೇನಿ. ಕೇಳೂದಿಲ್ಲ ಅಂತ ಅಲ್ಲಿ ಖರೇನ ಬಂದ್ರ ನೀವು ಹೇಳಿದ ಸಾಲಿಗೇ ಹಾಕತೇನಿ, ಅದೇನ ಕಮ್ಮಿ ಸಾಲಿ ಅಲ್ಲ. ಆದ್ರ ಪರೀಕ್ಷಾ ಮದಲ, ಸಹಿ ಆಮ್ಯಾಲ."

ಗೌರೀಶ ಚೀಲದಿಂದ ಬೇರೊಂದು ಹಾಳೆ ತೆಗೆದರು. ಅದರ ಮೇಲೆ ಬರೆದರು: 'ಪರೀಕ್ಷೆ ಆಗುವವರೆಗೆ ಪೂನಮ್ ಇದೇ ಶಾಲೆಯಲ್ಲಿ ಓದುತ್ತಾಳೆ.' ನಾನು ಬೆರಳಿಟ್ಟು ಓದಿದೆ. ಅದರ ಕೆಳಗೆ ಸಹಿ ಹಾಕಿದೆ.

ಮಗ ಮತ್ತೆ ಮಗ್ಗ ಚಾಲೂ ಮಾಡಿದ. ಗೌರೀಶ ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ಹೊರಟರು.

"ಇನ್ನ ನಾಲ್ಕ ಮನಿ ಅದಾವ್ರಿ!" ಎಂದು ಕೂಗಿದೆ.

ಕೇಳಲಿಲ್ಲ ಅವರಿಗೆ. ಹೊಸ್ತಿಲಿಗೆ ಹೋಗಿ ಹೆಗಲು ಮುಟ್ಟಿದೆ. ತಿರುಗಿದರು. ನಾಲ್ಕು ಬೆರಳು ಎತ್ತಿ ತೋರಿಸಿ, ನಾನೇ ಮುಂದೆ ನಡೆದೆ.