ಒಲಿಂಡಾ ಹೊಲಿದ ದಿವಾನ್

ಹೆಂಡತಿ ಒಲಿಂಡಾಳನ್ನು ಮಣ್ಣು ಮಾಡಿ ಬಂದ ಹತ್ತನೆಯ ದಿನ ನನ್ನ ಬಲಗೈ ನಡುಗತೊಡಗಿತು. ಊಟ ಮಾಡುವಾಗ ನಡುಗುವುದಿಲ್ಲ, ಗಡ್ಡ ಕೆರೆಯುವಾಗ ನಡುಗುವುದಿಲ್ಲ, ಹೊಸ ಬಟ್ಟೆ ಕತ್ತರಿಸುವಾಗಲೂ ಇಲ್ಲ. ಹಳೆಯ ಕುರ್ಚಿಯ ಹೊಲಿಗೆ ಬಿಚ್ಚಲು ಕತ್ತರಿ ಹಿಡಿದೆನೋ, ಶುರು. ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವುದು ನನ್ನ ಕಸುಬು. ಹಳೆಯದನ್ನು ಬಿಚ್ಚದೆ ಹೊಸದನ್ನು ಹೊದಿಸುವ ವಿದ್ಯೆ ಇನ್ನೂ ಯಾರಿಗೂ ಬಂದಿಲ್ಲ. ಎರಡು ತಿಂಗಳಲ್ಲಿ ಅಂಗಡಿಯೊಳಗೆ ಕಂಡವರ ಕುರ್ಚಿಗಳೆಲ್ಲ ಸೇರಿ ನನಗೇ ಕೂರಲು ಜಾಗವಿಲ್ಲದಂತಾಯಿತು.

ನರದ ಡಾಕ್ಟರು ಕೈಗೆ ವೈರು ಸುತ್ತಿ, ಸೂಜಿ ಚುಚ್ಚಿ, ಸುತ್ತಿಗೆಯಲ್ಲಿ ಬಡಿದು ನೋಡಿದರು.

“ನಿಮ್ಮ ಕೈ ನನ್ನ ಕೈಗಿಂತ ಚೆನ್ನಾಗಿದೆ, ಎವಾರಿಸ್ತೊ. ಮನಸ್ಸಿನ ಡಾಕ್ಟ್ರು ಯಾರು ನಿಮಗೆ?”

“ಯಾರೂ ಇಲ್ಲ.”

ಅವರು ಪೆನ್ನು ಕೆಳಗಿಟ್ಟರು. ಬ್ಯೂನಸ್ ಐರಿಸ್‌ನಲ್ಲಿ ಐವತ್ತೊಂಬತ್ತು ವರ್ಷ ಬದುಕಿ ಒಮ್ಮೆಯೂ ಮನಸ್ಸಿನ ಡಾಕ್ಟರ ದಿವಾನ್ ಮಂಚದ ಮೇಲೆ ಮಲಗಿ ಮನಸ್ಸು ಬಿಚ್ಚದ ಮನುಷ್ಯನನ್ನು ಅವರು ನೋಡಿರಲಿಲ್ಲ. ಮರುಕದಿಂದ ಫೀಸು ಸ್ವಲ್ಪ ಕಡಿಮೆ ಮಾಡಿದರು.

ನನ್ನ ತಂಗಿ ದೆಲಿಯಾಗೆ ವಿಷಯ ತಿಳಿದದ್ದೇ ತಡ, ಹಬ್ಬ ಬಂದಂತೆ ಓಡಿ ಬಂದಳು. “ಕೊನೆಗೂ ಬುದ್ಧಿ ಬಂತಲ್ಲ! ನಾನು ಇಪ್ಪತ್ತೆರಡು ವರ್ಷದಿಂದ ಹೋಗ್ತಿದ್ದೀನಿ, ನನ್ನ ನೋಡು ಹೇಗಿದ್ದೀನಿ!”

ನೋಡಿದೆ. ನನ್ನ ಭಯ ಅದೇ ಆಗಿತ್ತು.

“ಹಾಗಾದ್ರೆ ನಿನ್ನ ಡಾಕ್ಟ್ರ ನಂಬರು ಕೊಡು.”

“ಥೂ! ನನ್ನ ಡಾಕ್ಟ್ರನ್ನ ನಿನಗೆ ಕೊಡೋಕಾಗತ್ತಾ? ಒಂದೇ ಮನೆಯವರು ಒಬ್ಬರ ಹತ್ರಾನೇ ಹೋಗಬಾರದು ಕಣೋ ಅಣ್ಣಾ. ಅಲ್ಲದೆ ನಿನ್ನ ವಿಷಯ ನಾನು ಅಲ್ಲಿ ಎಷ್ಟು ಹೇಳಿದ್ದೀನಿ ಅಂತ! ನೀನು ಬಾಗಿಲು ತಟ್ಟಿದ್ರೆ ಅವರು ತೆಗೆಯೋದೇ ಇಲ್ಲ.”

ಹಜಾಮನನ್ನು ಕೇಳಿದೆ. “ಬೇಡಪ್ಪಾ, ನಿನ್ನ ವಿಷಯ ಅಲ್ಲಿ ಬಂದುಹೋಗಿದೆ” ಎಂದು ಕನ್ನಡಿಯಲ್ಲೇ ಕಣ್ಣು ತಪ್ಪಿಸಿದ. ಎದುರಿನ ಔಷಧಿ ಅಂಗಡಿಯವಳೂ ಅದನ್ನೇ ಹೇಳಿದಳು. ನಮ್ಮ ಪೇಟೆಯ ಅರ್ಧಕ್ಕರ್ಧ ಮನಸ್ಸಿನ ಡಾಕ್ಟರುಗಳಿಗೆ ನನ್ನ ಪರಿಚಯ ನಾನು ಹೋಗುವ ಮೊದಲೇ ಆಗಿಹೋಗಿತ್ತು.

ಕಸುಬಿನ ಸಂಘದ ಆರೋಗ್ಯ ಯೋಜನೆಯವರು ಒಂಬತ್ತು ನಂಬರುಗಳ ಪಟ್ಟಿ ಕೊಟ್ಟರು. ಅದರಲ್ಲಿ ಒಬ್ಬರು ತೀರಿಕೊಂಡಿದ್ದರು, ಇಬ್ಬರು ಸ್ಪೇನ್‌ಗೆ ಹೋಗಿ ನೆಲೆಸಿದ್ದರು, ಒಂದು ನಂಬರು ಮೀನಿನ ಅಂಗಡಿಯದು. ಮೀನಿನವನು ಒಳ್ಳೆಯವನು, ಕಾಲು ಗಂಟೆ ನನ್ನ ಕಷ್ಟ ಕೇಳಿಸಿಕೊಂಡ, ಪುಕ್ಕಟೆಯಾಗಿ. ಸರ್ಕಾರಿ ಆಸ್ಪತ್ರೆಯಲ್ಲೂ ಕೇಳಿದೆ. ನಾಲ್ಕು ತಿಂಗಳು ಕಾಯಬೇಕೆಂದರು. ನಾನು ಕಾದೇನು, ಅಂಗಡಿಯ ಬಾಡಿಗೆ ಕಾಯಬೇಕಲ್ಲ.

“ಇನ್ನೊಬ್ಬರಿದ್ದಾರೆ. ಬಹಳ ಒಳ್ಳೆಯವರಂತೆ” ಎಂದಳು ದೆಲಿಯಾ. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟುಕೊಂಡು, “ನಿಕಾನೋರ್ ಅವರ ಹತ್ರ ಹೋಗ್ತಾನೆ” ಎಂದಳು.

“ಆ ಹೆಸರು ಈ ಅಂಗಡೀಲಿ ಎತ್ತಬೇಡ ಅಂದಿದ್ದೀನಿ.”

ನಿಕಾನೋರ್ ನನ್ನ ತಮ್ಮ. ಇಲ್ಲಿಂದ ಆರು ಬೀದಿ ಆಚೆ ಇದ್ದಾನೆ. ಹದಿನಾಲ್ಕು ವರ್ಷದಿಂದ ಅವನೊಡನೆ ನನಗೆ ಮಾತಿಲ್ಲ. ಮೊದಲು ನಾವು ಮೂವರೂ ಇದೇ ಅಂಗಡಿಯಲ್ಲಿ ದುಡಿಯುತ್ತಿದ್ದೆವು. ಮರದ ಚೌಕಟ್ಟು ಅವನದು, ಬಟ್ಟೆ ನನ್ನದು, ಕೊನೆಯ ಕೈಹೊಲಿಗೆ ಒಲಿಂಡಾಳದು. ಬಾಗಿಲ ಹಿಂದಿನ ಮೊಳೆಯ ಮೇಲೆ ನಮ್ಮ ಪೇಟೆಯ ಫುಟ್‌ಬಾಲ್ ತಂಡದ ನೀಲಿ-ಹಳದಿ ಜೆರ್ಸಿ ತೂಗುತ್ತಿತ್ತು. ನಾನು ಅದನ್ನು ಹಾಕಿಕೊಂಡ ಹನ್ನೊಂದು ಆಟಗಳನ್ನೂ ತಂಡ ಗೆದ್ದಿತ್ತು. ಗೆಲ್ಲುತ್ತಿರುವ ಜೆರ್ಸಿಯನ್ನು ಯಾರೂ ಒಗೆಯುವುದಿಲ್ಲ, ಚಿಕ್ಕ ಮಕ್ಕಳಿಗೂ ಅದು ಗೊತ್ತು. ಫೈನಲ್ ಆಟದ ಹಿಂದಿನ ದಿನ ಜೆರ್ಸಿ ಮಾಯವಾಯಿತು. ನಾವು ಸೋತೆವು. ಅಂಗಡಿಯ ಬೀಗದ ಕೈ ಇದ್ದದ್ದು ಮೂವರ ಹತ್ತಿರ. ತಾನು ಮುಟ್ಟಿಲ್ಲವೆಂದು ಒಲಿಂಡಾ ತಾಯಾಣೆ ಇಟ್ಟಳು. ಅದು ನಾರುತ್ತದೆಂದು ದಿನಾ ಗೇಲಿ ಮಾಡುತ್ತಿದ್ದವನು ನಿಕಾನೋರ್. ಅವನನ್ನು ಅವತ್ತೇ ಹೊರಗೆ ಹಾಕಿದೆ.

ಪ್ರತಿ ಕ್ರಿಸ್‌ಮಸ್‌ಗೂ ಒಲಿಂಡಾ ಅವನನ್ನು ಕರೆಯಲು ಹೇಳುತ್ತಿದ್ದಳು. ಆಸ್ಪತ್ರೆಯ ಹಾಸಿಗೆಯಲ್ಲೂ ಅದನ್ನೇ ಹೇಳಿದಳು: “ನಿಕಾನೋರ್‌ನ ಕರೀರಿ. ನಾನು ಒಂದು ಮಾತು ಹೇಳ್ಬೇಕು.” ನಾಳೆ ಎಂದೆ. ನಾಳೆಗೆ ಅವಳಿರಲಿಲ್ಲ. ಸಾವಿನ ದಿನ ನಿಕಾನೋರ್ ಬಂದು ಎದುರಿನ ಫುಟ್‌ಪಾತಿನಲ್ಲೇ ನಿಂತಿದ್ದ. ನಾನು ಒಳಗೆ ಕರೆಯಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಡೆಗೆ ದಾರಿ ಹೊಳೆದದ್ದು ನನ್ನ ಹಳೆಯ ಗಿರಾಕಿಗಳ ಪುಸ್ತಕದಲ್ಲಿ. ಈ ಪೇಟೆಯ ಮೂವತ್ತು ಮನಸ್ಸಿನ ಡಾಕ್ಟರುಗಳಿಗೆ ದಿವಾನ್ ಮಾಡಿಕೊಟ್ಟವನು ನಾನು! ಊರೆಲ್ಲ ಮಲಗಿ ಅಳುವುದು ನನ್ನ ಸ್ಪ್ರಿಂಗುಗಳ ಮೇಲೆ. ಬೆರಳಿಟ್ಟು ಒಂದೊಂದೇ ಹೆಸರು ನೋಡಿದೆ. ಚೌಕಾಸಿ ಮಾಡಿದವರನ್ನು ಬಿಟ್ಟೆ, ಕಳಪೆ ಮರ ಸಾಕೆಂದವರನ್ನು ಬಿಟ್ಟೆ. ಉಳಿದವರು ಡಾಕ್ಟರ್ ಲಿವೊವಿಚ್ ಒಬ್ಬರೇ. ಹದಿನಾಲ್ಕು ವರ್ಷದ ಹಿಂದೆ ಗಟ್ಟಿ ಮರ ಬೇಕೆಂದು, ಕೇಳಿದಷ್ಟು ಕೊಟ್ಟು, ಥ್ಯಾಂಕ್ಸ್ ಎಂದೂ ಹೇಳಿ ಹೋಗಿದ್ದ ಹೆಂಗಸು.

ಅವರ ಕೋಣೆ ಮೂರನೆಯ ಮಹಡಿಯಲ್ಲಿ. ಬಿಳಿ ಕೂದಲು, ದಪ್ಪ ಕನ್ನಡಕ, ಮುಖದಲ್ಲಿ ಏನೂ ಇಲ್ಲ.

“ಒಂದು ಸಲಕ್ಕೆ ಎಷ್ಟು, ಡಾಕ್ಟ್ರಮ್ಮ?”

“ನಿಮಗೆ ಎಷ್ಟು ಕೊಡೋಕಾಗತ್ತೆ?”

ಮೂವತ್ತೈದು ವರ್ಷ ವ್ಯಾಪಾರ ಮಾಡಿದ ನಾನು ಇದಕ್ಕೆ ಹೆದರುವವನಲ್ಲ. ಹತ್ತು ಸಾವಿರ ಪೆಸೊ ಎಂದೆ. ಅವರು ಸುಮ್ಮನಿದ್ದರು. ಕಡಿಮೆಯಾಯಿತೇನೋ ಎಂದು ಹನ್ನೆರಡು ಎಂದೆ. ಸುಮ್ಮನಿದ್ದರು. “ಹೋಗಲಿ, ಹದಿನೈದು.” ಗಡಿಯಾರ ಟಿಕ್ ಟಿಕ್ ಎಂದಿತು. ಹದಿನೆಂಟಕ್ಕೆ ಬಂದಾಗ ನನ್ನ ಎದುರು ಚೌಕಾಸಿ ಮಾಡುತ್ತಿರುವವನು ನಾನೇ ಎಂದು ಹೊಳೆಯಿತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ.

“ಹದಿನೆಂಟು ಆಗಬಹುದು. ಸೋಮವಾರ, ಗುರುವಾರ” ಎಂದರು.

ಮೊದಲ ದಿನ ಮಲಗಿದೆ. ಸ್ಪ್ರಿಂಗು ಗಟ್ಟಿಯಾಗಿಯೇ ಇತ್ತು, ಹೆಮ್ಮೆಯಾಯಿತು. ಬಲಗೈ ತಾನಾಗಿಯೇ ಅಂಚಿಗೆ ಇಳಿಯಿತು. ಬೆರಳಿಗೆ ಒಲಿಂಡಾಳ ಹೊಲಿಗೆ ಸಿಕ್ಕಿತು, ಒತ್ತೊತ್ತಾಗಿ, ಒಂದೇ ಅಳತೆಯಲ್ಲಿ. ಡಾಕ್ಟರಮ್ಮ ತಲೆಯ ಹಿಂದೆಲ್ಲೋ ಕೂತಿದ್ದರು. ನಾನು ಕೈಯ ವಿಷಯ ಹೇಳಿದೆ, ಒಲಿಂಡಾಳ ವಿಷಯ ಹೇಳಿದೆ.

“ಚಿನ್ನದಂಥ ಹೆಂಗಸು, ಡಾಕ್ಟ್ರಮ್ಮ. ಮೂವತ್ತನಾಲ್ಕು ವರ್ಷದಲ್ಲಿ ನನಗೆ ಒಂದೇ ಒಂದು ಸುಳ್ಳು ಹೇಳಿದವಳಲ್ಲ.”

“ಇವತ್ತಿಗೆ ಇಷ್ಟು ಸಾಕು.”

ಎದ್ದು ಗಡಿಯಾರ ನೋಡಿದೆ. ಎಂಟು ನಿಮಿಷ! ದೆಲಿಯಾ ಐವತ್ತು ನಿಮಿಷವೆಂದಿದ್ದಳು.

“ಗಡಿಯಾರ ಕೆಟ್ಟಿದೆಯಾ?”

“ಇಲ್ಲ.”

“ಎಂಟು ನಿಮಿಷಕ್ಕೆ ಪೂರ್ತಿ ದುಡ್ಡಾ? ನಾನು ಸೋಫಾದ ಒಂದು ಕೈಗೆ ಮಾತ್ರ ಬಟ್ಟೆ ಹೊದಿಸಿ ಪೂರ್ತಿ ದುಡ್ಡು ಕೇಳಿದ್ರೆ ನೀವು ಕೊಡ್ತಿದ್ರಾ?”

“ಗುರುವಾರ ಅದರ ಬಗ್ಗೆ ಮಾತಾಡಿ.”

ಮೆಟ್ಟಿಲು ಇಳಿಯುತ್ತಾ ಮೂರು ಮಹಡಿಗೂ ಕೇಳುವಂತೆ ಬೈದೆ. ಗುರುವಾರ ಹೋದದ್ದು ಉಳಿದ ನಲವತ್ತೆರಡು ನಿಮಿಷ ವಸೂಲು ಮಾಡಲಿಕ್ಕೆ ಮಾತ್ರ.

“ಅದು ಅವರ ಪದ್ಧತಿ ಕಣೋ. ಮುಖ್ಯವಾದ ಮಾತು ಬಾಯಿಂದ ಬಿತ್ತು ಅಂದ್ರೆ ಅಲ್ಲೇ ಕತ್ತರಿಸ್ತಾರೆ. ಆ ಮಾತು ಹಿಡ್ಕೊಂಡು ನೀನು ಮನೇಲಿ ಒದ್ದಾಡಬೇಕು” ಎಂದು ದೆಲಿಯಾ ತಿಳಿಹೇಳಿದಳು.

ಒದ್ದಾಡುವುದು ನಾನಂತೆ, ದುಡ್ಡು ಅವರಿಗಂತೆ. ನಾನೂ ಒಂದು ಉಪಾಯ ಹೂಡಿದೆ. ಮುಖ್ಯವಾದದ್ದೇನನ್ನೂ ಹೇಳಬಾರದು! ಅಂಟಿನ ಬೆಲೆ, ಬಸ್ಸಿನ ನೂಕುನುಗ್ಗಲು, ಮಾಟೆ ಕಷಾಯದ ನೀರು ಎಷ್ಟು ಬಿಸಿಯಿರಬೇಕು, ಬಾಯಿಗೆ ಬಂದದ್ದು ಹೇಳುತ್ತಾ ಹೋದೆ. ಐವತ್ತು ನಿಮಿಷ ಪೂರ್ತಿ ಸಿಕ್ಕಿತು. ಗೆದ್ದೆನೆಂದು ಹೊರಗೆ ಬಂದೆ. ಬಾಯಿ ಒಣಗಿತ್ತು, ಕೈ ಮೊದಲಿನಂತೆಯೇ ನಡುಗುತ್ತಿತ್ತು, ಹದಿನೆಂಟು ಸಾವಿರ ಹೋಗಿತ್ತು. ಆ ದುಡ್ಡಿಗೆ ನಾನು ಒಬ್ಬ ಹೆಂಗಸಿಗೆ ಅಂಟಿನ ಬೆಲೆ ಹೇಳಿಬಂದಿದ್ದೆ.

ಹೀಗೇ ಸೆಪ್ಟೆಂಬರಿನಿಂದ ಜನವರಿಯವರೆಗೆ ನಡೆಯಿತು. ಹೊಸ ಸ್ಟೂಲುಗಳನ್ನು ಮಾಡಿ ಮಾರುತ್ತಿದ್ದೆ, ಬಂದದ್ದರಲ್ಲಿ ಅರ್ಧ ಮೂರನೆಯ ಮಹಡಿ ಹತ್ತುತ್ತಿತ್ತು. ಹಳೆಯ ಕುರ್ಚಿಗಳು ಬಿಚ್ಚದೆಯೇ ಉಳಿದವು. ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ಮುಖ ಗಂಟಿಕ್ಕಿ ತಂತಮ್ಮ ಕುರ್ಚಿ ಹೊತ್ತುಕೊಂಡು ಹೋಗತೊಡಗಿದರು. ಮಾರ್ಚ್ ಹೊತ್ತಿಗೆ ಕೈ ಸರಿಯಾಗದಿದ್ದರೆ ಅಂಗಡಿ ಮುಚ್ಚುವುದೇ ಗತಿ.

ಜನವರಿಯ ಕೊನೆಯ ಗುರುವಾರ ದಿವಾನ್ ಮೇಲೆ ಮಲಗಿ ಬಟ್ಟೆ ಸವರಿದೆ. ತಲೆಯ ಹತ್ತಿರ ನೂಲು ಎದ್ದಿತ್ತು.

“ಇದು ಸವೆದಿದೆ, ಡಾಕ್ಟ್ರಮ್ಮ. ಬದಲಾಯಿಸ್ಬೇಕು.”

ಎದ್ದ ನೂಲನ್ನು ಬೆರಳಿನಿಂದ ಒತ್ತಿ ಕೂರಿಸಿದೆ.

“ಆದ್ರೆ ನಾನು ಬಿಚ್ಚಲ್ಲ.”

“ಯಾಕೆ?” ಐದು ತಿಂಗಳಲ್ಲಿ ಅವರು ಕೇಳಿದ ಮೊದಲ ಯಾಕೆ ಅದು.

“ಇದು ಅವಳ ಹೊಲಿಗೆ. ಅಂಗಡೀಲಿರೋ ಹಳೇ ಕುರ್ಚಿಗಳೆಲ್ಲ ಅವಳು ಹೊಲಿದವೇ. ಒಂದೊಂದು ದಾರ ಕತ್ತರಿಸಿದ್ರೂ ಅವಳು ಇನ್ನಷ್ಟು ಹೋದ ಹಾಗೆ.”

“ಇವತ್ತಿಗೆ ಇಷ್ಟು ಸಾಕು.”

ಹನ್ನೆರಡು ನಿಮಿಷ. ಅವತ್ತು ಜಗಳವಾಡುವ ಶಕ್ತಿಯೂ ಇರಲಿಲ್ಲ. ಕಣ್ಣೊರೆಸಿಕೊಂಡು ಬಾಗಿಲ ತನಕ ಬಂದಾಗ ಅವರೇ ಹೇಳಿದರು: “ಫೆಬ್ರವರಿ ಪೂರ್ತಿ ರಜೆ. ದಿವಾನ್ ತಗೊಂಡು ಹೋಗಿ, ಹೊಸ ಬಟ್ಟೆ ಹಾಕ್ಕೊಡಿ.”

“ಹಾಗಾದ್ರೆ ಫೀಸಿಗೆ ವಜಾ ಹಾಕ್ಕೊಳ್ಳೋಣ.”

“ಇಲ್ಲ. ಇದು ಬೇರೆ, ಅದು ಬೇರೆ. ಎಷ್ಟಾಗತ್ತೆ?”

ಮೊತ್ತ ಹೇಳಿದೆ. ಅವರು ಸುಮ್ಮನಾದರು. ನಾಲಿಗೆಯ ತುದಿಗೆ ಕಡಿಮೆ ಮೊತ್ತ ಬಂದಿತ್ತು, ನುಂಗಿಕೊಂಡೆ. ನಾನೂ ಸುಮ್ಮನಾದೆ. ಇಬ್ಬರೂ ಬಾಗಿಲಲ್ಲಿ ಮುಖ ಮುಖ ನೋಡುತ್ತಾ ನಿಂತೆವು. ಕೊನೆಗೆ ಅವರೇ ಪರ್ಸು ತೆಗೆದರು. ಐದು ತಿಂಗಳಲ್ಲಿ ನಾನು ಏನೂ ಕಲಿಯಲಿಲ್ಲವೆಂದು ಯಾರೂ ಹೇಳುವಂತಿಲ್ಲ.

ನಮ್ಮಲ್ಲಿ ಫೆಬ್ರವರಿ ಕಡುಬೇಸಿಗೆ, ಮನಸ್ಸಿನ ಡಾಕ್ಟರುಗಳೆಲ್ಲ ಸಮುದ್ರದ ದಡಕ್ಕೆ ಹೋಗುತ್ತಾರೆ, ಊರಿನವರು ಹಲ್ಲು ಕಚ್ಚಿಕೊಂಡು ದಿನ ತಳ್ಳುತ್ತಾರೆ. ಮೂರು ವಾರ ದಿವಾನ್ ಅಂಗಡಿಯ ನಡುವೆ ಬಿದ್ದಿತ್ತು. ಕತ್ತರಿ ಹಿಡಿಯುವುದು, ನಡುಗುವುದು, ಕತ್ತರಿ ಇಡುವುದು. ತಿಂಗಳು ಮುಗಿಯಲು ನಾಲ್ಕು ದಿನ ಉಳಿದಾಗ ಬಲಗೈಯನ್ನು ಎಡಗೈಯಿಂದ ಅಮುಕಿ ಹಿಡಿದು, “ಕ್ಷಮಿಸೇ” ಎಂದು ಮೊದಲ ದಾರ ಕತ್ತರಿಸಿದೆ.

ಅಂಚಿನ ಹೊಲಿಗೆ ಮುತ್ತಿನಂತಿತ್ತು. ತಲೆಯ ಭಾಗಕ್ಕೆ ಬಂದಾಗ ಹೊಲಿಗೆ ಉದ್ದುದ್ದ, ಅಡ್ಡಾದಿಡ್ಡಿ. ಆತುರದ ಕೆಲಸ. ಒಲಿಂಡಾ ಹೀಗೆ ಹೊಲಿದದ್ದನ್ನು ನಾನು ಕಂಡೇ ಇರಲಿಲ್ಲ. ಬಟ್ಟೆ ಎತ್ತಿ ಒಳಗೆ ಕೈ ಹಾಕಿದೆ. ತುಂಬಿದ ಕುದುರೆಗೂದಲು ಅಲ್ಲಿ ಸಾಲದೆ ಬಂದಿರಬೇಕು, ಗುಂಡಿ ಮುಚ್ಚಲು ಏನೋ ಮಡಚಿ ತುರುಕಿದ್ದಳು. ಎಳೆದೆ. ನೀಲಿ-ಹಳದಿ.

ನನ್ನ ಜೆರ್ಸಿ!

ಮೂಸಿದೆ. ಹದಿನಾಲ್ಕು ವರ್ಷವಾದರೂ ನಾರುತ್ತಿತ್ತು. ಐದು ತಿಂಗಳು ನಾನು ಅದೇ ಜೆರ್ಸಿಯ ಮೇಲೆ ತಲೆಯಿಟ್ಟು, ದುಡ್ಡು ಕೊಟ್ಟು, ನನ್ನ ಹೆಂಡತಿ ಸುಳ್ಳು ಹೇಳಿದವಳಲ್ಲ ಎಂದು ಸಾರಿದ್ದೆ.

“ಒಲಿಂಡಾ!” ಎಂದು ಕಿರುಚಿದೆ. ಔಷಧಿ ಅಂಗಡಿಯವಳು ಬೀದಿಗೆ ಓಡಿ ಬಂದಳು. “ತಾಯಾಣೆ ಇಟ್ಟೆಯಲ್ಲೇ! ನಿಮ್ಮಮ್ಮ ಆಗ ಬದುಕಿದ್ರು ಕಣೇ! ನಾನು ಒಡಹುಟ್ಟಿದವನನ್ನ ಬೀದಿಗೆ ಹಾಕೋದನ್ನ ನೋಡ್ಕೊಂಡು ಹೇಗೆ ಸುಮ್ನಿದ್ದೆ? ಕ್ರಿಸ್‌ಮಸ್‌ಗೆ ಕರೀರಿ ಅನ್ನೋ ಬದಲು ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿನಗೆ?” ಕತ್ತರಿಯನ್ನು ಸೂರಿನ ಕಡೆಗೆ ತೋರಿಸಿ ತೋರಿಸಿ ಬೈದೆ. ಸತ್ತ ಮೇಲೆ ಅವಳನ್ನು ಬೈದದ್ದು ಅದೇ ಮೊದಲು. ಬೈದು ಸುಸ್ತಾಗಿ ಕೂತು, ಮಗುವಿನಂತೆ ಅತ್ತೆ. ಆಸ್ಪತ್ರೆಯಲ್ಲಿ ಅವಳು ಹೇಳಬೇಕೆಂದಿದ್ದ ಮಾತು ಇದೇ. ನಾಳೆ ಎಂದವನು ನಾನೇ.

ಅಳು ನಿಂತಾಗ ಕತ್ತರಿ ಇನ್ನೂ ಕೈಯಲ್ಲಿತ್ತು. ಕೈ ಅಲುಗುತ್ತಿರಲಿಲ್ಲ.

ಜೆರ್ಸಿಯನ್ನು ಕಂಕುಳಲ್ಲಿಟ್ಟುಕೊಂಡು ಆರು ಬೀದಿ ನಡೆದೆ. ನಿಕಾನೋರ್ ಬನಿಯನ್ನಿನಲ್ಲಿ ಬಾಗಿಲು ತೆಗೆದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಮುಖ ನೋಡಿದ, ಕಂಕುಳು ನೋಡಿದ.

“ಸಿಕ್ತಾ?”

“ಸಿಕ್ತು.”

“ಎಲ್ಲಿ?”

“ಒಲಿಂಡಾ ದಿವಾನ್ ಒಳಗೆ ಹಾಕಿ ಹೊಲಿದುಬಿಟ್ಟಿದ್ಳು. ನನ್ನದು ತಪ್ಪಾಯ್ತು ಕಣೋ.”

ಅವನು ಬಾಗಿಲಲ್ಲೇ ಕುಸಿದು ಕೂತ. ಅಳುತ್ತಾನೇನೋ ಎಂದುಕೊಂಡೆ, ನಗುತ್ತಿದ್ದ. “ಅತ್ತಿಗೆ! ಅತ್ತಿಗೇನಾ! ಅಯ್ಯೋ ಅಣ್ಣಾ, ಹದಿನಾಲ್ಕು ವರ್ಷದಿಂದ ನಾನು ಡಾಕ್ಟ್ರ ಹತ್ರ ಈ ಜೆರ್ಸಿ ವಿಷಯ ಬಿಟ್ಟು ಬೇರೆ ಮಾತಾಡಿಲ್ಲ. ನಾನೇ ಎಲ್ಲೋ ಎತ್ತಿಟ್ಟು ಮರೆತೆನಾ ಅಂತ ನನ್ನ ಮೇಲೇ ನನಗೆ ಅನುಮಾನ ಬಂದುಬಿಟ್ಟಿತ್ತು. ಎಷ್ಟು ದುಡ್ಡಾಯ್ತು ಗೊತ್ತಾ? ಅರ್ಧ ನೀನು ಕೊಡ್ಬೇಕು!”

“ಅತ್ತಿಗೆಯನ್ನೇ ಕೇಳು” ಎಂದೆ. ಅವನು ನನ್ನ ತೋಳು ಹಿಡಿದು ಒಳಗೆಳೆದುಕೊಂಡ.

ಉಳಿದ ನಾಲ್ಕು ದಿನ ಇಬ್ಬರೂ ಸೇರಿ ಕೆಲಸ ಮಾಡಿದೆವು. ಅವನು ಚೌಕಟ್ಟು ಬಿಗಿ ಮಾಡಿದ, ನಾನು ಹಸಿರು ಬಟ್ಟೆ ಹೊದಿಸಿದೆ, ಕೊನೆಯ ಹೊಲಿಗೆಯನ್ನೂ ನಾನೇ ಹಾಕಿದೆ. ಜೆರ್ಸಿಯನ್ನು ಒಗೆದು, ಅವಳು ಇಟ್ಟಿದ್ದ ಜಾಗದಲ್ಲೇ ಇಟ್ಟೆವು.

ಮಾರ್ಚ್ ಮೊದಲ ಸೋಮವಾರ ಹೊಸ ಬಟ್ಟೆಯ ದಿವಾನ್ ಮೇಲೆ ಮಲಗಿದೆ. ಡಾಕ್ಟರಮ್ಮ ಬಿಸಿಲಿಗೆ ಕಪ್ಪಗಾಗಿ ಬಂದಿದ್ದರು.

“ಒಲಿಂಡಾ ನನಗೆ ಸುಳ್ಳು ಹೇಳಿದ್ಳು, ಡಾಕ್ಟ್ರಮ್ಮ” ಎಂದೆ. ಅವರು ಬಾಯಿ ತೆರೆಯುವ ಮೊದಲೇ ಎದ್ದು ಕೂತೆ. “ಇವತ್ತಿಗೆ ಇಷ್ಟು ಸಾಕು.”

ಹದಿನೆಂಟು ಸಾವಿರ ಎಣಿಸಿ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ತೆಗೆದು ಗಡಿಯಾರ ನೋಡಿದರು.

“ಎವಾರಿಸ್ತೊ, ಇನ್ನೂ ಎರಡು ನಿಮಿಷಾನೂ ಆಗಿಲ್ಲ.”

“ಗುರುವಾರ ಅದರ ಬಗ್ಗೆ ಮಾತಾಡೋಣ” ಎಂದು ಬಾಗಿಲು ತೆಗೆದೆ. ಅಂಗಡಿಯಲ್ಲಿ ಹನ್ನೊಂದು ಕುರ್ಚಿಗಳನ್ನು ಬಿಚ್ಚುವುದಿತ್ತು.