ತೋಳುದ್ದ ಒಂಬತ್ತು

ಹಳೇ ಪುಸ್ತಕದ ಅಂಗಡಿಯಲ್ಲಿ ಟೈಲರಮ್ಮ ಆರಿಸಿಕೊಂಡ ಪುಸ್ತಕದ ಮುಖಪುಟದ ಮೇಲೆ ‘ಏನೇನೂ ಗೊತ್ತಿಲ್ಲದವರಿಗೆ ವಿಡಿಯೋ ಎಡಿಟಿಂಗ್’ ಎಂದು ಬರೆದಿತ್ತು. ಏನೇನೂ ಗೊತ್ತಿಲ್ಲದವರು ಎಂದರೆ ಸಾಕ್ಷಾತ್ ನಾನೇ ಎಂದುಕೊಂಡು, ಚೌಕಾಸಿ ಕೂಡ ಮಾಡದೆ ಎತ್ತಿಕೊಂಡು ಬಂದಳು. ಹಿಂದೆ ಓದಿದ್ದ ಯಾರೋ ಪುಣ್ಯಾತ್ಮ ಹತ್ತೊಂಬತ್ತನೇ ಪುಟದವರೆಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದ. ಆಮೇಲಿನ ಪುಟಗಳನ್ನು ಯಾರೂ ಮುಟ್ಟಿದ ಹಾಗಿರಲಿಲ್ಲ. ಪಾಪ, ಅಲ್ಲಿಗೇ ಅವನಿಗೆ ಸಾಕುಬೇಕಾಗಿರಬೇಕು.

ಟೈಲರಮ್ಮನಿಗೆ ಸಾಕು ಅನ್ನುವ ಹಾಗಿರಲಿಲ್ಲ. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವಳ ಗಂಡ ಗುಂಡಿ ಹೊಲಿಯುತ್ತ ಕೂತಲ್ಲೇ ಪಕ್ಕಕ್ಕೆ ವಾಲಿದ್ದ. ಆಸ್ಪತ್ರೆಯವರು ಜೀವ ಉಳಿಸಿದರು. ಕೈಕಾಲು ಮುಕ್ಕಾಲುಪಾಲು ಸರಿಹೋಯಿತು. ಮಾತು ಮಾತ್ರ ಹೋದದ್ದು ಹೋಗಿಯೇ ಬಿಟ್ಟಿತು. ಮಾತು ಕಲಿಸುವ ಮೇಡಂ ವಾರಕ್ಕೆರಡು ಸಲ ಬಂದು ಹಣ್ಣಿನ ಚಿತ್ರ, ಹಕ್ಕಿಯ ಚಿತ್ರ ತೋರಿಸಿದ್ದೇ ತೋರಿಸಿದ್ದು. ಅವನು ಚಿತ್ರ ನೋಡುತ್ತಿದ್ದ, ಮೇಡಂ ಮುಖ ನೋಡುತ್ತಿದ್ದ, ತುಟಿ ಬಿಚ್ಚುತ್ತಿರಲಿಲ್ಲ.

“ಅಮ್ಮಾ, ಇವರು ದಿನಾ ಆಡ್ತಿದ್ದ ಮಾತು ಏನಾದ್ರೂ ರೆಕಾರ್ಡ್ ಆಗಿದ್ಯಾ? ಅವರ ದನಿನೇ ಅವರಿಗೆ ಕೇಳ್ಸೋಣ. ಗಂಟೆಗಟ್ಟಲೆ ಬೇಡ, ಐದು ನಿಮಿಷ ಸಾಕು,” ಎಂದರು ಮೇಡಂ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ದನಿ ತಗ್ಗಿಸಿ, “ದಿನ ಹೋದಷ್ಟೂ ಕಷ್ಟ ಆಗುತ್ತೆ. ಒಂದೇ ಒಂದು ಪದ ಬಂದ್ರೂ ಅದನ್ನ ಹಿಡ್ಕೊಂಡು ಮುಂದೆ ಹೋಗಬಹುದು,” ಎಂದೂ ಸೇರಿಸಿದರು.

ರೆಕಾರ್ಡ್ ಬೇಕಾದಷ್ಟಿತ್ತು. “ನಾನು ಕೊಟ್ಟ ಅಳತೆ ಇದಲ್ಲ” ಎಂದು ಬಟ್ಟೆ ಹೊಲಿದ ಮೇಲೆ ಜಗಳ ತೆಗೆಯುವ ಗಿರಾಕಿಗಳ ಬಾಯಿ ಮುಚ್ಚಿಸಲು ಟೈಲರಮ್ಮ ಅಂಗಡಿಯ ಕಪಾಟಿನ ಮೇಲೆ ಫೋನ್ ಇಟ್ಟು ಅಳತೆ ತೆಗೆಯುವುದನ್ನೆಲ್ಲ ಹಿಡಿದಿಡುತ್ತಿದ್ದಳು. ಅವಳು ಟೇಪ್ ಹಿಡಿದು ಕೂಗುವುದು, ಅವನು ಅದನ್ನೇ ತಿರುಗಿ ಹೇಳಿ ಬರೆದುಕೊಳ್ಳುವುದು. ಮೂವತ್ತು ವರ್ಷದಿಂದ ಹಾಗೇ. ಅವಳು “ಭುಜ ಹದಿನಾಲ್ಕು” ಅಂದರೆ ಅವನು “ಹದಿನಾಲ್ಕು.” ತಿರುಗಿ ಹೇಳದೆ ಒಂದಂಕಿಯನ್ನೂ ಬರೆಯುತ್ತಿರಲಿಲ್ಲ. ಅರ್ಧ ಇಂಚು ತಪ್ಪು ಹೇಳಿದರೆ ಅವಳು ಗಿರಾಕಿಯ ಎದುರಿಗೇ ಅವನ ಮರ್ಯಾದೆ ಕಳೆಯುತ್ತಿದ್ದಳು.

“ಕಳ್ಸಮ್ಮ, ಹತ್ತು ನಿಮಿಷದಲ್ಲಿ ಮಾಡಿಕೊಡ್ತೀನಿ,” ಎಂದಳು ಮಗಳು ಫೋನಿನಲ್ಲಿ.

“ನನ್ನ ಬಟ್ಟೆಗೆ ಬೇರೆಯವರು ಕತ್ತರಿ ಹಾಕೋದು ನಂಗಾಗಲ್ಲ ಕಣೆ. ನಿನ್ನ ಹಳೇ ಲ್ಯಾಪ್‌ಟಾಪ್ ಎಲ್ಲಿಟ್ಟಿದೀಯ ಹೇಳು, ಸಾಕು.”

ಆಮೇಲಿನ ದಿನಗಳು ಹೇಗೆ ಹೋದವೋ ಟೈಲರಮ್ಮನಿಗೇ ತಿಳಿಯದು. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ಕತ್ತರಿಸುವ ಮೇಜಿನ ಮೇಲೆ ಪುಸ್ತಕ ಬಿಡಿಸಿ, ಹಾಳೆ ಮಗುಚದ ಹಾಗೆ ಇಸ್ತ್ರಿಪೆಟ್ಟಿಗೆ ಹೇರುತ್ತಿದ್ದಳು. ಲ್ಯಾಪ್‌ಟಾಪ್ ಪರದೆಯ ಅಡಿಗೆ ಉದ್ದಕ್ಕೆ ದನಿಯ ಪಟ್ಟಿಗಳು. ಮಾತಿದ್ದ ಕಡೆ ದಿಬ್ಬ, ಮಾತಿಲ್ಲದ ಕಡೆ ಬರೀ ಗೆರೆ. ಅವಳ ಮಾತೆಲ್ಲ ಚೂಪು ಚೂಪು. ಅವನದು ತಗ್ಗಾದ, ನಿಧಾನದ ದಿಬ್ಬ. ಮೂರನೇ ದಿನದ ಹೊತ್ತಿಗೆ ದನಿ ಹಾಕದೆಯೇ ಅವಳಿಗೆ ಗೊತ್ತಾಗತೊಡಗಿತು: ಇದು ಅವನ ‘ಹದಿನಾಲ್ಕು’, ಇದು ‘ಮೂವತ್ತಾರು’, ಇದು ಬರೀ ಕೆಮ್ಮು. ಬೆರಳಿಟ್ಟು ಆ ದಿಬ್ಬಗಳನ್ನು ಸವರಿದರೆ ಪರದೆ ಬೆಚ್ಚಗಿರುತ್ತಿತ್ತು.

ಹೋದ ವರ್ಷದ ಬಿಸಿಲು ಪರದೆಯೊಳಗೆ ಅದೇ ಕಿಟಕಿಯಿಂದ ಬರುತ್ತಿತ್ತು, ಈ ವರ್ಷದ್ದು ಅವಳ ಬೆನ್ನ ಮೇಲೆ. ಯಾವುದು ಯಾವಾಗಿನದು ಎಂದು ಮರೆತುಹೋಗುತ್ತಿತ್ತು. ಒಳಗಿನ ಕೋಣೆಯಿಂದ ಗಂಡನ ಕೋಲಿನ ಸದ್ದು ಕೇಳಿದರೆ ಅದು ಪಟ್ಟಿಯಲ್ಲಿ ಎಲ್ಲಿದೆ ಎಂದು ಹುಡುಕುವಳು. ತರಕಾರಿಗೆ ಹೋದರೆ, ಮನೆಯಿಂದ ಮಾರುಕಟ್ಟೆಯವರೆಗಿನ ದಾರಿಯನ್ನು ಕತ್ತರಿಸಿ ತೆಗೆದರೆ ಎಷ್ಟು ನಡಿಗೆ ಉಳಿಯುತ್ತದೆ ಎಂದುಕೊಳ್ಳುವಳು. ಗಂಡ ವಾಲಿದ ಆ ಬೆಳಿಗ್ಗೆಯ ಎರಡು ಕಡೆಗೂ ಕತ್ತರಿ ಇಟ್ಟು, ಆಚೆಯದನ್ನೂ ಈಚೆಯದನ್ನೂ ಎಳೆದು ಕೂಡಿಸಿಬಿಟ್ಟರೆ? ಹೀಗೆಲ್ಲ ಯೋಚಿಸಿದಾಗ ಅವಳಿಗೆ ಅಳು ಬರುತ್ತಿತ್ತು, ಅತ್ತು ಮುಗಿಸಿ ಮುಂದಿನ ಪುಟ ತಿರುವುತ್ತಿದ್ದಳು.

ಮಾತು ಮುಗಿದಲ್ಲೇ ಸರಿಯಾಗಿ ಕತ್ತರಿಸಿ ಎಂದಿತ್ತು ಪುಸ್ತಕ. ಅವಳ ಕೈ ಕೇಳಬೇಕಲ್ಲ! ಹೊಲಿಗೆಗೆ ಅಂಚು ಬಿಡದೆ ಕತ್ತರಿಸುವವಳು ಟೈಲರೇ ಅಲ್ಲ. ಪ್ರತಿ ತುಂಡಿಗೂ ಹಿಂದೆ ಮುಂದೆ ಬೆರಳಗಲ ಬಿಟ್ಟಳು. ಕೂಡಿಸುವಾಗ ಅಂಚಿನ ಮೇಲೆ ಅಂಚು ಹೊದಿಸಿದಳು. ಬಟ್ಟೆಯಲ್ಲಾದರೆ ಎರಡು ಅಂಚೂ ಹೊಲಿಗೆಯೊಳಗೆ ಉಳಿಯುತ್ತವೆ. ಇಲ್ಲಿ ಮೇಲಿಟ್ಟದ್ದು ಕೆಳಗಿನದನ್ನು ನುಂಗಿಬಿಡುತ್ತದೆ. ಪುಸ್ತಕ ಅದನ್ನು ಏಳನೇ ಪಾಠದಲ್ಲಿ ಹೇಳಿತ್ತು, ಟೈಲರಮ್ಮ ಐದರಲ್ಲೇ ಕೂಡಿಸಲು ಕೂತಿದ್ದಳು.

ಮಂಗಳವಾರ ಮೇಡಂ ಬಂದಾಗ ಲ್ಯಾಪ್‌ಟಾಪನ್ನು ಗಂಡನ ಮುಂದಿಟ್ಟು ಅವಳು ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡಳು.

“ನೋಡ್ರೀ, ಯಾರಿದು ಅಂತ.”

ಪರದೆಯಲ್ಲಿ ಅವಳು ಕೂಗಿದಳು, ಅವನು ತಿರುಗಿ ಹೇಳಿದ. “ಎದೆ ಮೂವತ್ತಾರು.” “ಮೂವತ್ತಾರು.” “ಸೊಂಟ ಮೂವತ್ತು.” “ಮೂವತ್ತು.” ಕುರ್ಚಿಯಲ್ಲಿದ್ದವನು ಕೇಳಿದ. ಪಕ್ಕದ ಮನೆಯವರ ಮಾತು ಕೇಳುವ ಹಾಗೆ, ಮರ್ಯಾದೆಯಿಂದ, ಸುಮ್ಮನೆ. ಎರಡು ನಿಮಿಷ ಕಳೆಯಿತು, ಮೂರಾಯಿತು. ಮೇಡಂ ಟೈಲರಮ್ಮನ ಕಡೆ ನೋಡಲಿಲ್ಲ. ಅಲ್ಲಿಗೆ ಮುಗಿಯಿತು, ಹಣ್ಣು ಹಕ್ಕಿಗಳ ಜೊತೆ ಇದೂ ಒಂದು, ಎಂದುಕೊಂಡಳು ಟೈಲರಮ್ಮ.

“ತೋಳುದ್ದ ಒಂಬತ್ತು,” ಎಂದಿತು ಪರದೆಯೊಳಗಿನ ಅವಳ ದನಿ.

ಉತ್ತರ ಬರಲಿಲ್ಲ. ಅಲ್ಲಿ ಅವಳು ಅಂಚು ಹೊದಿಸುವಾಗ ಬೆರಳಗಲ ಹೆಚ್ಚಾಗಿ, ಅವನ ‘ಒಂಬತ್ತು’ ಕೆಳಗೆ ಸಿಕ್ಕಿಹೋಗಿತ್ತು. ಮುಂದಿನ ತುಂಡಿನ ಗಿರಾಕಿ ಕೈ ಚಾಚಿ ಸುಮ್ಮನೆ ನಿಂತಿದ್ದಳು, ಅಷ್ಟೇ. ಅಯ್ಯೋ ಕೆಡಿಸಿದೆನಲ್ಲ ಎಂದು ಟೈಲರಮ್ಮ ನಿಲ್ಲಿಸುವ ಗುಂಡಿ ಒತ್ತಿದಳು.

ಕುರ್ಚಿಯಲ್ಲಿದ್ದವನು ಪರದೆ ನೋಡಿದ. ಅವಳನ್ನು ನೋಡಿದ. ಹುಬ್ಬು ಗಂಟಿಕ್ಕಿತು. ಬಲಗೈಯ ಎರಡು ಬೆರಳು ಪೆನ್ಸಿಲ್ ಹಿಡಿದ ಹಾಗೆ ಕೂಡಿಕೊಂಡವು. ಗಂಟಲಲ್ಲಿ ಏನೋ ಎದ್ದಿತು, ಇಳಿಯಿತು, ಮತ್ತೆ ಎದ್ದಿತು.

“ಎಂಟು,” ಎಂದ.

ಮೇಡಂ ಕೈಯಲ್ಲಿದ್ದ ಚಿತ್ರದ ಕಟ್ಟು ಮಡಿಲಿಗೆ ಬಿತ್ತು. ಅವನು ಹೆಂಡತಿಯನ್ನೇ ನೋಡುತ್ತ, ಬೈಗುಳಕ್ಕೆ ಕಾಯುವವನಂತೆ ಭುಜ ಕುಗ್ಗಿಸಿಕೊಂಡಿದ್ದ.

ಮೂವತ್ತು ವರ್ಷದಲ್ಲಿ ಅರ್ಧ ಇಂಚನ್ನೂ ಬಿಟ್ಟುಕೊಡದ ಟೈಲರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

“ಎಂಟೇ ರೀ,” ಎಂದಳು. “ಬರ್ಕೊಳ್ಳಿ.”